ಹೆಕ್ಕತ್ತಿನ ಸಿಕ್ಕು

ನಮ್ಮ ಮೈಯಲ್ಲಿ ನಾವೇ ನೋಡಿಕೊಳ್ಳಲಾಗದ ಜಾಗವೊಂದಿದೆ. ಹೆಕ್ಕತ್ತು, ಅಂದರೆ ಕತ್ತಿನ ಹಿಂಭಾಗ. ಮುಖಕ್ಕೆ ಕನ್ನಡಿಯಿದೆ. ಕೈಕಾಲು ಕಣ್ಣೆದುರೇ ಇರುತ್ತವೆ. ಹೊಟ್ಟೆಯಂತೂ ಈಚೆಗೆ ಬೇಡವೆಂದರೂ ಕಾಣುತ್ತದೆ. ಹೆಕ್ಕತ್ತಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಮಾತ್ರ ಇನ್ನೊಬ್ಬರನ್ನೇ ಕೇಳಬೇಕು. ಉದ್ದ ಕೂದಲಿನ ಹೆಂಗಸರಿಗೆ ಗೊತ್ತು, ತಲೆಯ ಸಿಕ್ಕೆಲ್ಲ ಸೇರಿ ಸಭೆ ನಡೆಸುವುದು ಅಲ್ಲೇ. ಬೆವರು ಇಳಿಯುವುದು ಅಲ್ಲಿ, ಸರದ ಕೊಂಡಿ ಕೂದಲು ಕಚ್ಚುವುದು ಅಲ್ಲಿ, ರಾತ್ರಿಯೆಲ್ಲ ದಿಂಬು ಉಜ್ಜುವುದೂ ಅಲ್ಲೇ.

ನನಗೀಗ ಅರವತ್ತು ದಾಟಿದೆ. ಈ ವಯಸ್ಸಿನಲ್ಲಿ ತಪ್ಪು ಒಪ್ಪಿಕೊಂಡರೆ ಯಾರೂ ಹೊಡೆಯುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತೇನೆ: ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ, ಮಧುಗಿರಿಯ ನಮ್ಮ ಬೀದಿಯ ಹೆಂಗಸರು ಹತ್ತು ಹನ್ನೊಂದು ದಿನ ನನ್ನ ಹೆಕ್ಕತ್ತಿಗೆ ಕೈಮುಗಿದರು. ಅದಕ್ಕೆ ಕಾರಣ ನನ್ನ ಸೋಮಾರಿತನ.

ಆಗ ನಾನು ಏಳನೇ ಕ್ಲಾಸು. ಕೂದಲು ಸೊಂಟ ದಾಟಿತ್ತು. ನನ್ನ ಓದಿನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವಾದ್ದರಿಂದ ಅಮ್ಮ ನನ್ನ ಕೂದಲಿನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಳು. ಭಾನುವಾರ ಹರಳೆಣ್ಣೆ, ಮೇಲೆ ಸೀಗೆಕಾಯಿ, ಕಣ್ಣಿಗೆ ಬಿದ್ದರೆ ನನ್ನ ಕಿರುಚಾಟ. ಮಿಕ್ಕ ದಿನ ಬೆಳಿಗ್ಗೆ ನನ್ನನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಾಚುತ್ತಿದ್ದಳು. ನೆತ್ತಿಯಿಂದ ಕಿವಿಯವರೆಗೆ ಹಿತವಾಗಿರುತ್ತಿತ್ತು. ಹಣಿಗೆ ಹೆಕ್ಕತ್ತಿಗೆ ಬಂತೆಂದರೆ ನಾನು ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಿದ್ದೆ. ಒಳಗಿನಿಂದ ಗೌರತ್ತೆ ಕೂಗುತ್ತಿದ್ದಳು: "ಮಗೂನ ಬಾಚ್ತಾ ಇದೀಯೋ ಕೊಲ್ತಾ ಇದೀಯೋ ಪಾರ್ವತಿ?"

ಗೌರತ್ತೆ ಅಪ್ಪನ ಅಕ್ಕ. ಪಾವಗಡದ ಕಡೆಯ ಹಳ್ಳಿಗೆ ಮದುವೆಯಾಗಿ ಹೋಗಿ, ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ವಾಪಸು ಬಂದಿದ್ದವಳು. ಆ ನಾಲ್ಕು ವರ್ಷದಲ್ಲಿ ಕಲಿತ ತೆಲುಗು ಮಾತ್ರ ಅವಳ ಜೊತೆಗೇ ಬಂದಿತ್ತು. ಮನೆಯಲ್ಲಿ ಅವಳಿಗೆ ಊಟಕ್ಕಾಗಲಿ, ಬಟ್ಟೆಗಾಗಲಿ ಕೊರತೆಯಿರಲಿಲ್ಲ. ಆದರೆ ಅವಳು ಮಾತು ಶುರು ಮಾಡಿದರೆ ಅಪ್ಪನಿಗೆ ಅಂಗಡಿಯ ನೆನಪಾಗುತ್ತಿತ್ತು, ಅಮ್ಮನಿಗೆ ಒಲೆಯ ಮೇಲಿನ ಹಾಲಿನ ನೆನಪಾಗುತ್ತಿತ್ತು, ನನಗೆ ಹೋಮ್‌ವರ್ಕಿನ ನೆನಪಾಗುತ್ತಿತ್ತು. ಹೋಮ್‌ವರ್ಕು ನನಗೆ ನೆನಪಾಗುತ್ತಿದ್ದದ್ದು ಆಗ ಮಾತ್ರ.

ಆ ವರ್ಷ ದಸರಾ ರಜೆ ಮುಗಿಯುತ್ತಲೇ ನಾನು ಅಮ್ಮನಿಗೆ ಹೇಳಿಬಿಟ್ಟೆ, "ಇನ್ಮೇಲೆ ನಾನೇ ಬಾಚ್ಕೊಳ್ತೀನಿ." ಅಮ್ಮನಿಗೂ ನನ್ನ ಅರಚಾಟ ಸಾಕಾಗಿತ್ತೇನೋ, ಹೂಂ ಅಂದಳು. ನನ್ನ ಕ್ರಮ ಸುಲಭವಾಗಿತ್ತು. ಅಂಗೈಗೆ ನೀರು ಹಚ್ಚಿ ನೆತ್ತಿಯನ್ನು ನುಣ್ಣಗೆ ಮಾಡುವುದು, ಕೂದಲನ್ನು ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಂಡು ಕಣ್ಣಿಗೆ ಕಾಣುವಷ್ಟನ್ನು ಬಾಚುವುದು, ನೋಯುವ ಜಾಗಕ್ಕೆ ಹೋಗದೇ ಇರುವುದು. ಒಂಟಿ ಜಡೆ ಹೆಣೆದು ರಿಬ್ಬನ್ನು ಕಟ್ಟಿದರೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹೆಕ್ಕತ್ತಿನಲ್ಲಿ ಕಡಲೆಬೀಜದಷ್ಟು ಗಂಟು ಕೈಗೆ ಹತ್ತಿತು. ನಾಳೆ ಬಿಡಿಸೋಣ ಎಂದುಕೊಂಡೆ. ಎಣ್ಣೆನೀರಿನ ದಿನ ಅಮ್ಮ ಹತ್ತಿರ ಬಂದರೆ, "ನಾನೇ ಹಾಕ್ಕೊಳ್ತೀನಿ" ಎಂದು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕಾರ್ತಿಕ ಕಳೆಯುವಷ್ಟರಲ್ಲಿ ಅದು ನಿಂಬೆಕಾಯಿಯಾಗಿತ್ತು.

ನಮ್ಮ ಭಾಷೆ ಈ ವಿಷಯದಲ್ಲಿ ಸ್ವಲ್ಪ ತುಂಟತನ ಮಾಡಿದೆ. ಮಲ್ಲಿಗೆ ಮುಡಿದ ಹುಡುಗಿಯದೂ ಜಡೆಯೇ, ಬೂದಿ ಬಳಿದ ಸನ್ಯಾಸಿಯದೂ ಜಡೆಯೇ. ಒಂದನ್ನು ದಿನಾ ಬಾಚಿ ಮಾಡುವುದು, ಇನ್ನೊಂದು ಬಾಚದೇ ಆಗುವುದು. ಸಿಕ್ಕು ಎಂಬ ಮಾತೂ ಹಾಗೇ. ಕಳೆದದ್ದು ದೊರೆತರೂ ಸಿಕ್ಕಿತು, ಕಳ್ಳ ಕೈಗೆ ಬಿದ್ದರೂ ಸಿಕ್ಕಿದ, ಕೂದಲು ಗೋಜಲಾದರೂ ಸಿಕ್ಕು. ನನ್ನ ಪಾಲಿಗೆ ಈ ಮೂರೂ ಅರ್ಥ ಒಟ್ಟಿಗೇ ಬರುವುದಿತ್ತು.

ಸಂಕ್ರಾಂತಿಗೆ ಮುಂಚೆ ನನಗೆ ಜ್ವರ ಹಿಡಿಯಿತು. ಟೈಫಾಯಿಡ್ ಎಂದರು ಡಾಕ್ಟರು. ಮೂರು ವಾರ ಮಲಗಿದ್ದಲ್ಲೇ ಮಲಗಿದ್ದೆ. ತಲೆಗೆ ನೀರಿಲ್ಲ, ಎಣ್ಣೆಯಿಲ್ಲ. ಕತ್ತಿನ ಕೆಳಗೆ ಒರಟು ದಿಂಬು, ಮೇಲೆ ಜ್ವರದ ಬೆವರು. ಜ್ವರ ಬಿಟ್ಟ ದಿನ ಅಮ್ಮ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಜಡೆ ಬಿಚ್ಚಿದಳು. ಹೆಕ್ಕತ್ತಿನಲ್ಲಿ ಮೂಸಂಬಿ ಗಾತ್ರದ ಕೂದಲಿನ ಉಂಡೆಯೊಂದು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಹಣಿಗೆ ಹಾಕಿದರೆ ಎರಡು ಹಲ್ಲು ಮುರಿದವು.

ಗಂಜಿ ತಂದ ಗೌರತ್ತೆ ಅದನ್ನು ನೋಡಿ, ಲೋಟ ಕೆಳಗಿಟ್ಟು, ಬೆರಳ ತುದಿಯಿಂದ ಮುಟ್ಟಿದಳು. ಕೈ ಹಿಂದಕ್ಕೆ ಎಳೆದುಕೊಂಡು ಜೋಡಿಸಿದಳು.

"ಚೂಡವೇ ಪಾರ್ವತಿ, ಸರಿಯಾಗಿ ನೋಡು. ಇದು ಗಂಟಲ್ಲ ಕಣೇ. ಅಮ್ಮೋರು. ಜ್ವರದಾಗೆ ಅಮ್ಮೋರು ಬಂದವ್ಳೆ. ನಮ್ಮ ಪಾವಗಡದಾಗೆ ನಾನೇ ಕಂಡಿದೀನಿ. ಕತ್ತರಿ ಮುಟ್ಸಬ್ಯಾಡ, ಹಣಿಗೆ ಮುಟ್ಸಬ್ಯಾಡ."

ಅಮ್ಮ ನನ್ನ ಮುಖ ನೋಡಿದಳು. "ನಿಜ ಹೇಳು ಗಿರಿಜಾ. ಜ್ವರಕ್ಕೆ ಮುಂಚೆ ಇತ್ತಾ ಇದು?"

"ಇರ್ಲಿಲ್ಲಮ್ಮ," ಎಂದೆ. ಸುಳ್ಳು ಅಷ್ಟೊಂದು ಸಲೀಸಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಡಾಕ್ಟರು ಕತ್ತರಿಸಿಬಿಡಿ ಎಂದರು. ಕತ್ತರಿಸಿದರೆ ಮಗು ಉಳಿಯುವುದಿಲ್ಲ ಎಂದಳು ಅತ್ತೆ. ಆಗಷ್ಟೇ ಮಗಳನ್ನು ಜ್ವರದ ಕೈಯಿಂದ ಬಿಡಿಸಿಕೊಂಡಿದ್ದ ಅಮ್ಮನಿಗೆ ಅತ್ತೆಯ ಮಾತನ್ನು ನಂಬಲೂ ಆಗಲಿಲ್ಲ, ಮೀರಲೂ ಆಗಲಿಲ್ಲ. ಅಪ್ಪನನ್ನು ಕೇಳಿದರೆ, ತನ್ನನ್ನು ಎತ್ತಿ ಆಡಿಸಿದ ಅಕ್ಕನ ಮಾತಿಗೆ ಎದುರಾಡಲಾರದೆ ಅಂಗಡಿಗೆ ಹೋದ.

ಸುದ್ದಿ ಬೀದಿಯಲ್ಲಿ ಹರಡಿತು. ಮಂಗಳವಾರ ಇಬ್ಬರು ಬಂದರು, ಶುಕ್ರವಾರ ಹತ್ತು ಜನ. ದೇವಿ ಹೆಕ್ಕತ್ತಿನಲ್ಲಿ ಇದ್ದುದರಿಂದ ನಾನು ಬಂದವರಿಗೆ ಬೆನ್ನು ಮಾಡಿ ಗೋಡೆಯ ಕಡೆ ಮುಖ ಹಾಕಿ ಕೂರಬೇಕಿತ್ತು. ಅವರು ನನ್ನ ಬೆನ್ನಿಗೆ ಅರಿಶಿನ ಕುಂಕುಮ ಇಡುತ್ತಿದ್ದರು, ಕರ್ಪೂರ ಬೆಳಗುತ್ತಿದ್ದರು. ನಾನು ಗೋಡೆ ನೋಡುತ್ತ ಅವರು ತಂದ ಬಾಳೆಹಣ್ಣನ್ನು ತಿನ್ನುತ್ತಿದ್ದೆ. ಪಥ್ಯದ ಗಂಜಿ ಕುಡಿದು ಬೇಸತ್ತ ಹುಡುಗಿಗೆ ಇದಕ್ಕಿಂತ ಒಳ್ಳೆಯ ದೈವತ್ವ ಬೇಕೆ? ಗೌರತ್ತೆ ಪಕ್ಕದಲ್ಲಿ ಕೂತು ಕೇಳಿದವರಿಗೆಲ್ಲ ಉತ್ತರ ಹೇಳುತ್ತಿದ್ದಳು. ಮಗಳಿಗೆ ಗಂಡು ಯಾವಾಗ ಸಿಗುತ್ತದೆ, ಹಸು ಯಾಕೆ ಹಾಲು ಕೊಡುತ್ತಿಲ್ಲ, ಎಲ್ಲಕ್ಕೂ. ಅವಳ ದನಿ ಅಷ್ಟು ತುಂಬಿಬಂದದ್ದನ್ನು ನಾನು ಕೇಳಿರಲೇ ಇಲ್ಲ.

ಆದರೆ ಒಂದು ಮಧ್ಯಾಹ್ನ ನಾನು ಮಲಗಿದ್ದೇನೆಂದುಕೊಂಡು ಅತ್ತೆ ಅಮ್ಮನಿಗೆ ಹೇಳುತ್ತಿದ್ದಳು: "ಇನ್ನು ಇಸ್ಕೂಲು ಯಾಕೆ? ನಾಲ್ಕು ಜನ ಮುಟ್ಟಿ ಮೈಲಿಗೆ ಮಾಡ್ತಾರೆ. ಅಮ್ಮೋರ ಜಡೆ ಇರೋ ಹೆಣ್ಣಿಗೆ ಮದುವೆ ಅಂತಾನೂ ಇಲ್ಲ. ಸೇವೆಗೆ ಅಂತ ಬಿಡ್ಬೇಕು." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಅವತ್ತು ಬಂದ ಬಾಳೆಹಣ್ಣನ್ನು ದಿಂಬಿನ ಪಕ್ಕ ಹಾಗೇ ಇಟ್ಟೆ. ಸ್ಕೂಲು ತಪ್ಪುವುದು ಒಂದು ವಾರಕ್ಕೆ ಚೆನ್ನ, ಜನ್ಮಪೂರ್ತಿಗಲ್ಲ. ನಿಜ ಹೇಳೋಣವೆಂದರೆ, ಇಷ್ಟು ಜನ ಕೈಮುಗಿದ ಮೇಲೆ ಹೇಗೆ ಹೇಳುವುದು?

ನನ್ನನ್ನು ಕಾಪಾಡಿದವಳು ಮಾಳಮ್ಮ. ಕೊರಟಗೆರೆಯ ಆಚೆ, ಕೊಳಾಲದ ಹತ್ತಿರದ ಹಳ್ಳಿಯವಳು. ಅವರದು ಕುರಿ ಸಾಕುವ, ಉಣ್ಣೆ ನೂತು ಕಂಬಳಿ ನೇಯುವ ಮನೆ. ಅಪ್ಪನ ಬಟ್ಟೆ ಅಂಗಡಿಗೆ ಕಂಬಳಿ ತರುತ್ತಿದ್ದವಳು ಆ ದಿನ ನನಗೆ ಹುಷಾರಿಲ್ಲವೆಂದು ಕೇಳಿ ಮನೆಗೂ ಬಂದಳು. ಅತ್ತೆ ಮಠಕ್ಕೆ ಹೋಗಿದ್ದಳು, ಅಮ್ಮ ಹಿತ್ತಲಲ್ಲಿದ್ದಳು. ಮಾಳಮ್ಮ ಕೈಮುಗಿಯಲಿಲ್ಲ. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಹಿಚುಕಿ ನೋಡಿದಳು. ಉಣ್ಣೆ ನೋಡುವ ಹಾಗೆ.

"ನಮ್ಮ ಕುರಿ ಮಳೇಲಿ ನೆನ್ದು ಅಂಗೇ ಮಲಿಕ್ಕಂಡ್ರೆ ಉಣ್ಣೆ ಇಂಗೇ ಆಯ್ತದೆ," ಎಂದಳು. ಆಮೇಲೆ ದನಿ ಇಳಿಸಿದಳು. "ಬಾಚ್ದೆ ಎಷ್ಟು ದಿನ ಆತು ಮಗಾ?"

ಬೈಯುವ ದನಿಯಾಗಿದ್ದರೆ ನಾನು ಮತ್ತೆ ಸುಳ್ಳೇ ಹೇಳುತ್ತಿದ್ದೆ. "ದಸರಾದಿಂದ," ಎಂದೆ. ಎಂದವಳೇ ಅತ್ತುಬಿಟ್ಟೆ.

ಮಾಳಮ್ಮ ನಗಲಿಲ್ಲ. "ಸರಿ ಬುಡು. ನಾನು ಬುಡುಸ್ಕೊಡ್ತೀನಿ. ಆದ್ರೆ ನಿಮ್ಮವ್ವಂಗೆ ನೀನೇ ಯೇಳ್ಬೇಕು. ನಾನು ಯೇಳಲ್ಲ ಕಣವ್ವ."

ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತಿದ್ದ ಅಮ್ಮನಿಗೆ ಹೇಳಿದೆ. ಅಮ್ಮ ಸೋಪಿನ ಕೈಯನ್ನೇ ಎತ್ತಿದಳು. ಕೆನ್ನೆ ಒಡ್ಡಿಕೊಂಡು ನಿಂತೆ. ಎತ್ತಿದ ಕೈ ಅರ್ಧಕ್ಕೆ ನಿಂತಿತು. ಬಗ್ಗಿ ನನ್ನನ್ನು ತಬ್ಬಿಕೊಂಡು, "ಅಷ್ಟೇನಾ? ಅಷ್ಟೇನೇನೇ?" ಎಂದು ಎರಡು ಸಲ ಕೇಳಿದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನನ್ನ ಬೆನ್ನೆಲ್ಲ ನೊರೆಯಾಯಿತು.

ಉಳಿದದ್ದು ಗೌರತ್ತೆಯ ವಿಚಾರ. ಅದನ್ನು ಮಾಳಮ್ಮನೇ ನೋಡಿಕೊಂಡಳು. ಅತ್ತೆ ಮಠದಿಂದ ಬರುತ್ತಲೇ ಇವಳು ಎದ್ದು ನಿಂತು ಕೇಳಿದಳು:

"ಗೌರಮ್ಮಾರೇ, ಇದು ಅಮ್ಮೋರದು ಅಂತೀರಿ. ನಾನು ಇಲ್ಲ ಅನ್ನಲ್ಲ. ಕತ್ತರಿ ಮುಟ್ಟಲ್ಲ, ಎಳೆಯಲ್ಲ. ಬರೀ ಎಣ್ಣೆ ಹಾಕಿ ಒಂದೊಂದೇ ಎಳೆ ಕೇಳ್ತೀನಿ. ಅಮ್ಮೋರು ಇರಾಕೆ ಬಂದಿದ್ರೆ ನನ್ನ ಕೈಲಿ ಏನಾಗ್ತದೆ? ವಾಪಸ್ ಓಗ್ತೀನಿ ಅಂದ್ರೆ ನೀವೂ ತಡೀಬಾರ್ದು."

ಇದಕ್ಕೆ ಬೇಡ ಎನ್ನುವುದು ಹೇಗೆ? ಅತ್ತೆ ಗಂಟಿಗೆ ಇನ್ನೊಮ್ಮೆ ಕೈಮುಗಿದು, "ಆಗ್ಲಿ," ಎಂದಳು.

ಮೂರು ಮಧ್ಯಾಹ್ನ ಹಿಡಿಯಿತು. ಮಾಳಮ್ಮ ಆ ಮೂರು ದಿನ ನಮ್ಮ ಮನೆಯಲ್ಲೇ ಉಳಿದಳು. ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ಗಂಟಿಗೆ ಕುಡಿಸಿದಳು. ಮೊಂಡು ತುದಿಯ ಒಂದು ಮರದ ಕಡ್ಡಿಯಿಂದ ಹೊರಗಿನ ಎಳೆಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದಳು. ನಾನು ಅರಚಲು ಸಿದ್ಧಳಾಗಿ ಬಾಯಿ ತೆರೆದುಕೊಂಡಿದ್ದೆ, ಆದರೆ ಅರಚುವಂಥದ್ದು ಏನೂ ಆಗಲಿಲ್ಲ. ಅವಳ ಎಡಗೈ ಕೂದಲಿನ ಬುಡವನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಎಳೆತವೆಲ್ಲ ಅವಳ ಮುಷ್ಟಿಗೆ ಬೀಳುತ್ತಿತ್ತು, ನನ್ನ ಚರ್ಮಕ್ಕಲ್ಲ.

"ಎಲ್ರೂ ಬುಡದಿಂದ ಎಳೀತಾರೆ ಕಣಮ್ಮ, ಅದ್ಕೇ ಗಂಟು ಬಿಗಿಯಾಗೋದು," ಎಂದು ಅಮ್ಮನಿಗೆ ತೋರಿಸಿದಳು. "ತುದಿಯಿಂದ ಶುರು ಮಾಡು. ನಾಕು ಬೆರಳಷ್ಟು ಬುಡ್ಸು, ಮೇಲುಕ್ಕೆ ಬಾ. ಮಲಗೋವಾಗ ಜಡೆ ಸಡಿಲ ಇರ್ಲಿ, ಬಿಚ್ಚಿ ಬುಡಬ್ಯಾಡ. ದಿಂಬಿನ ಮ್ಯಾಲೆ ಹಳೇ ಸೀರೆ ತುಂಡು ಹಾಕು. ಹಣಿಗೆ ಹಾಕೋಕೆ ಮುಂಚೆ ದಿನಾ ಒಂದ್ಸಲ ಹೆಕ್ಕತ್ತಿಗೆ ಬೆಳ್ಳು ಆಡ್ಸು. ಸಣ್ಣದಿದ್ದಾಗ ಬೆಳ್ಳಿಗೇ ಬುಡ್ತದೆ." ಐವತ್ತು ವರ್ಷವಾಯಿತು. ಬಣ್ಣಬಣ್ಣದ ಬಾಟಲಿಗಳ ಮೇಲೆ ಬರೆದಿರುವುದನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದ್ದೇನೆ. ಇದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಸಿಗಲಿಲ್ಲ.

ಮೂರನೆಯ ದಿನ ಸಂಜೆಯಾಗುವ ಮುಂಚೆ ಗಂಟು ಬಿಚ್ಚಿಕೊಂಡಿತು. ಮಾಳಮ್ಮ ಸತ್ತ ಕೂದಲನ್ನು ಉಂಡೆ ಮಾಡಿ ಅತ್ತೆಯ ಕೈಗಿಟ್ಟು, "ಅಮ್ಮೋರು ಒಂಟೋದ್ರು," ಎಂದಳು. ಅತ್ತೆ ಅದನ್ನು ತುಳಸಿಯ ಬುಡದಲ್ಲಿ ಹೂತು ಬಂದಳು.

ಮುಂದಿನ ಶುಕ್ರವಾರ ಯಾರೂ ಬರಲಿಲ್ಲ. ಅತ್ತೆ ಮಾತ್ರ ಮಡಿಯುಟ್ಟು, ಚಾಪೆ ಹಾಸಿ, ಬಾಗಿಲ ಕಡೆ ನೋಡುತ್ತ ಮಧ್ಯಾಹ್ನದವರೆಗೆ ಕೂತಿದ್ದಳು. ಆಮೇಲೆ ಚಾಪೆ ಸುತ್ತಿಟ್ಟು ಅಕ್ಕಿ ಆರಿಸಲು ಕೂತಳು. ಸ್ಕೂಲಿಗೆ ಹೋಗುವ ಸಂಭ್ರಮದಲ್ಲಿದ್ದ ನಾನು ಅದನ್ನು ಕಂಡೆ, ಆದರೆ ಏನನ್ನು ಕಂಡೆನೆಂದು ತಿಳಿಯಲು ನನಗೆ ಇನ್ನಷ್ಟು ವಯಸ್ಸಾಗಬೇಕಿತ್ತು. ನಾಲ್ಕು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಅಮ್ಮನ ಕೈಯಿಂದ ಹಣಿಗೆ ಇಸಿದುಕೊಂಡಳು.

"ಬಾರೇ, ಕೂತ್ಕೋ. ನಿಮ್ಮಮ್ಮಂಗೆ ನೂರು ಕೆಲ್ಸ."

ಅಲ್ಲಿಂದ ನನ್ನ ಮದುವೆಯವರೆಗೆ ನನ್ನ ತಲೆ ಗೌರತ್ತೆಯದು. ಮೊದಲು ಹೆಕ್ಕತ್ತಿಗೆ ಬೆರಳು, ಆಮೇಲೆ ತುದಿಯಿಂದ ಹಣಿಗೆ, ಜೊತೆಗೆ ಮಾತು. ಪಾವಗಡದ ಬಂಡೆಗಳು, ಅಲ್ಲಿನ ಬಿಸಿಲು, ಎಲ್ಲದಕ್ಕೂ ತೆಲುಗಿನಲ್ಲೇ ಬೈಯುತ್ತಿದ್ದ ಅವಳ ಅತ್ತೆ. ನಾಲ್ಕೇ ವರ್ಷದ ಸಂಸಾರದಿಂದ ಅಷ್ಟು ಕತೆ ಹೇಗೆ ತೆಗೆಯುತ್ತಿದ್ದಳೋ! ಕೆಲವನ್ನು ಇಪ್ಪತ್ತು ಸಲ ಕೇಳಿದ್ದೇನೆ. ಜಡೆ ಹಾಕಿಸಿಕೊಳ್ಳುವವರು ನಡುವೆ ಎದ್ದು ಹೋಗುವ ಹಾಗಿಲ್ಲ. ಅವರ ಕೂದಲು ಹೇಳುವವರ ಕೈಯಲ್ಲಿರುತ್ತದೆ.

ಅಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಹೇಳದೇ ಇದ್ದದ್ದು ಗಂಡನ ವಿಷಯ. ಎಂಬತ್ತರ ದಶಕದಲ್ಲಿ ಶಿರಾದ ಮೇಷ್ಟರೊಬ್ಬರಿಗೆ ನನ್ನನ್ನು ಕೊಟ್ಟರು. ಮದುವೆಯ ದಿನ ಬೆಳಿಗ್ಗೆ, ಹೂವಿನ ಜಡೆ ಹಾಕುತ್ತ, ಅತ್ತೆ ಇದ್ದಕ್ಕಿದ್ದಂತೆ ಶುರು ಮಾಡಿದಳು.

"ಅವ್ರು ಒಂದಿನ ಸಂತೆಯಿಂದ ಬಳೆ ತಂದಿದ್ರು ಕಣೇ. ಸರೀಗೆ ಕೂತ್ಕಂಡ್ವು. ಅಳತೆ ಹೆಂಗೆ ಗೊತ್ತಾತು ಅಂತ ಕೇಳ್ದೆ. ನಾನು ಮಲಗಿದ್ದಾಗ ನನ್ನ ಕೈಗೆ ದಾರ ಸುತ್ತಿ ನೋಡಿದ್ರಂತೆ..."

ಅಷ್ಟರಲ್ಲಿ ಹೊರಗಿನಿಂದ ಅಮ್ಮ ಕೂಗಿದಳು, "ಇನ್ನೂ ಜಡೆ ಆಗ್ಲಿಲ್ವಾ? ಗಂಡಿನ ಕಡೆಯೋರು ಬಂದ್ರು!"

ಅತ್ತೆಯ ಕೈ ನಿಂತಿತು. ಜಡೆ ಮುಗಿದಿತ್ತು. ಮಾತು ಮುಗಿದಿರಲಿಲ್ಲ. ನನ್ನ ಬೆನ್ನ ಹಿಂದೆ ಅವಳು ಉಸಿರು ತೆಗೆದುಕೊಂಡದ್ದು ಹೆಕ್ಕತ್ತಿಗೆ ತಿಳಿಯಿತು.

"ಯಾಕೋ ಸ್ವಲ್ಪ ಓರೆಯಾಗೈತೆ ಕಣೇ," ಎಂದಳು ಮೆಲ್ಲಗೆ.

ನಾನು ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ಜಡೆ ನೇರವಾಗಿತ್ತು.

"ಹೌದತ್ತೆ, ತುಂಬಾ ಓರೆಯಾಗಿದೆ," ಎಂದೆ. "ಬಿಚ್ಚಿ ಮೊದಲಿಂದ ಹಾಕು."