ಖಾಲಿ ನೆಲಕ್ಕೆ ಎರೆದ ಹಾಲು

ಅತ್ತಿ ಮರದ ಕೆಳಗೆ ನಾಗವ್ವನ ಮಗು ಇಲ್ಲ. ಇದೆ ಎಂದು ಅವಳಿಗೆ ಹೇಳಿದವನು ನಾನು. ಆ ಸುಳ್ಳಿನ ಮೇಲೆ ಅವಳು ವರ್ಷಗಳಿಂದ ಅಮಾವಾಸ್ಯೆಗೊಮ್ಮೆ ಹಾಲೆರೆಯುತ್ತಿದ್ದಾಳೆ.

ಪುಣೆ ಹತ್ತಿರದ ಚಾಕಣದ ಆಚೆ ಹೊಸ ಹೆದ್ದಾರಿ ಬರುವುದಿತ್ತು. ರಸ್ತೆಗೆ ಮುಂಚೆ ನೆಲದಲ್ಲಿ ಹಳೆಯ ಕಾಲದ್ದೇನಾದರೂ ಉಳಿದಿದೆಯೇ ಎಂದು ನೋಡುವ ತಂಡದಲ್ಲಿ ನಾನಿದ್ದೆ. ಗುರುತು ಹಾಕಿದ ಜಾಗದುದ್ದಕ್ಕೂ ಸಾಲಾಗಿ ನಡೆದು ಮಡಕೆ ಚೂರು ಹೆಕ್ಕುವುದು, ಅನುಮಾನ ಬಂದಲ್ಲಿ ಗುಂಡಿ ತೋಡಿಸುವುದು — ಅಷ್ಟೇ ಕೆಲಸ. ತೋಡಲು ಬಂದವರು ಯಾದಗಿರಿ ಕಡೆಯವರು. ಅವರಲ್ಲಿ ನಾಗವ್ವ ಒಬ್ಬಳು. ನಾನು ಪುಣೆಯಲ್ಲೇ ಹುಟ್ಟಿದವನು. ಕನ್ನಡ ಬಂದದ್ದು ಅಜ್ಜಿಯಿಂದ. ಅಜ್ಜಿ ಹೋದ ಮೇಲೆ ಮನೆಯಲ್ಲಿ ಆ ಮಾತಿಗೆ ಜೊತೆಯೇ ಇರಲಿಲ್ಲ. “ಅಣ್ಣಾರ, ನಿಮ್ಮ ಕನ್ನಡ ನಮ್ಮೂರ ಮುದುಕೇರ ಮಾತಿನಂಗ ಅದ ನೋಡ್ರಿ,” ಎಂದು ನಾಗವ್ವ ನಗುತ್ತಿದ್ದಳು. ಆ ನಗು ಕೇಳಲೆಂದೇ ಊಟದ ಹೊತ್ತಿಗೆ ಅವರ ಪಕ್ಕ ಹೋಗಿ ಕೂರುತ್ತಿದ್ದೆ.

ಒಂದು ಗುಂಡಿಯಲ್ಲಿ ಬಾಯಿಗೆ ಬಾಯಿ ಸೇರಿಸಿ ಮಲಗಿಸಿದ ಎರಡು ಮಡಕೆ ಸಿಕ್ಕವು. ಒಳಗೆ ಎಳೆಯ ಮೂಳೆಗಳು — ಸಾವಿರಾರು ವರ್ಷಗಳ ಹಿಂದೆ ಯಾರೋ ಮಣ್ಣಿಗಿಟ್ಟ ಕೂಸು. ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಎತ್ತಿಕೊಂಡು ಹೋದೆವು. ಅಂದು ಸಂಜೆ ನಾಗವ್ವ ಬಂದು ನಿಂತಳು.

“ಆ ಬೇವಿನ ಗಿಡದ ಬಾಜೂಕ ನಂದೂ ಒಂದು ಅದರಿ. ಹೋದ ವರ್ಷ ಇಟ್ಟಂಗಿ ಭಟ್ಟಿಗೆ ಬಂದಾಗ... ಹಲ್ಲು ಬರದ ಕೂಸನ್ನ ಸುಡೂದಿಲ್ಲಲ್ರಿ, ಇಲ್ಲೇ ಮಣ್ಣು ಕೊಟ್ಟೀವಿ. ಅದನ್ನೂ ಹಂಗ ತಗದು ಬ್ಯಾರೆ ಕಡೆ ಇಡ್ತೀರೇನ್ರಿ?”

“ಇಡ್ತೀನವ್ವ. ನೀ ಚಿಂತಿ ಮಾಡಬ್ಯಾಡ.”

ಮೇಲಿನವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೊಸ ಸಮಾಧಿ ಎಂದರೆ ಪೊಲೀಸರು ಬರುತ್ತಾರೆ, ಕೆಲಸ ನಿಲ್ಲುತ್ತದೆ, ಎಲ್ಲರ ಸಿಟ್ಟು ನನ್ನ ಮೇಲೆ — ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು... ಅಷ್ಟರಲ್ಲಿ ಅವಳ ಅತ್ತೆ ತೀರಿಕೊಂಡು ಅವಳು ಊರಿಗೆ ಹೋದಳು. ನಮ್ಮ ಕೆಲಸ ಮುಗಿಯಿತು, ಜೆಸಿಬಿಗಳು ಬಂದವು. ಬೇವಿನ ಮರ ಉರುಳಿದ್ದನ್ನು ಜೀಪಿನಲ್ಲಿ ಕೂತು ನೋಡಿದೆ. ಇಳಿಯಲಿಲ್ಲ.

ಊರಿಂದ ತಿರುಗಿ ಬಂದವಳು ನನ್ನನ್ನು ಅಲ್ಲಿಗೇ ಕರೆಸಿ ಕೇಳಿದಳು, “ಎಲ್ಲಿಟ್ರಿ ಅಣ್ಣಾರ?”

ರಸ್ತೆಯಿಂದ ದೂರದಲ್ಲಿದ್ದ ಹಳ್ಳದ ಕಡೆ ಕೈ ತೋರಿಸಿದೆ. “ಆ ಅತ್ತಿ ಗಿಡದ ಬುಡಕ.”

ಅವಳು ನನ್ನ ಕಾಲು ಮುಟ್ಟಿದಳು. ನಾನು ಮುಟ್ಟಿಸಿಕೊಂಡೆ.

ಈಗವಳು ಚಾಕಣದ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಾಳೆ. ಅಮಾವಾಸ್ಯೆ ಬಂದರೆ ನನಗೆ ಅವಳ ಫೋನ್ ಬರುತ್ತದೆ, ಜೊತೆಗೆ ಹೋಗುತ್ತೇನೆ. ಪೊಲೀಸರ ಹೆದರಿಕೆ ಎಂದೋ ಮುಗಿಯಿತು. ಆಮೇಲೆ ಬಾಯಿ ಕಟ್ಟಿದ್ದು ಬೇರೆಯೇ. ಅವಳಿಗೆ ನಿಜ ಹೇಳಿಬಿಟ್ಟರೆ ಈ ಊರಲ್ಲಿ ನನ್ನನ್ನು ಅಣ್ಣಾ ಎನ್ನುವ ಒಂದೇ ದನಿ ನಿಂತುಹೋಗುತ್ತದೆ ಎಂಬ ಭಯ. ನನ್ನ ಒಂಟಿತನ ಕಳೆಯಲು ಅವಳ ಸತ್ತ ಕೂಸನ್ನು ನಾನು — ಈ ವಾಕ್ಯ ಮುಗಿಸಲು ಆಗುತ್ತಿಲ್ಲ.

ಹೋದ ಸಲ ಅವಳು ಎರಡನೆಯ ಮಗಳನ್ನು ಕರೆತಂದಿದ್ದಳು. “ಅಕ್ಕಗ ಕೈ ಮುಗಿ,” ಅಂದಳು. ಹುಡುಗಿ ಮುಗಿದಳು, ನನ್ನ ಕಡೆ ತಿರುಗಿ, “ಮಾಮಾ, ನೀನೂ,” ಅಂದಳು. ನಾನೂ ಮುಗಿದೆ.

ಇನ್ನು ಸಾಕು. ಬರುವ ಅಮಾವಾಸ್ಯೆಗೆ, ಅವಳು ಚೊಂಬು ಬಗ್ಗಿಸುವ ಮೊದಲೇ ಹೇಳುತ್ತೇನೆ. ಹಂಗಾದ್ರ ಎಲ್ಲಿ ಅದರಿ ಎಂದು ಕೇಳುತ್ತಾಳೆ. ಲಾರಿಗಳು ಓಡುವ ಆ ರಸ್ತೆಯನ್ನು ತೋರಿಸಬೇಕು. ಆಮೇಲೆ ಅವಳು ಮಗಳ ಕೈ ಹಿಡಿದು ಹೊರಟುಹೋದರೆ, ಹಿಂದಿನಿಂದ ಕೂಗುವುದಿಲ್ಲ.