ಅದರಲ್ಲೊಂದು ಅಂಶ ಇದೆ

ಅಂಶಣ್ಣನ ಸೆಲೂನಿಗೆ ಹೋದವರು ಒಂದಿಷ್ಟು ಕೂದಲು ಬಿಟ್ಟು, ಒಂದು ಬೇರಿನದೋ ಸೊಪ್ಪಿನದೋ ಹೆಸರು ಹೊತ್ತುಕೊಂಡು ಬರುತ್ತಿದ್ದರು. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಈಗ ಯಾರಿಗೂ ಬೇಕಾಗಿರಲಿಲ್ಲ. ಯಾವ ಗಿಡದ ಮಾತು ಬಂದರೂ "ಅದರಲ್ಲೊಂದು ಅಂಶ ಇದೆ" ಎನ್ನುತ್ತಿದ್ದ, ಗಿರಾಕಿಗಳು ಅಂಶಣ್ಣ ಎಂದು ಕರೆದರು, ಅದೇ ನಿಂತಿತು. ಯಾವ ಅಂಶ ಎಂದು ಮಾತ್ರ ಕೇಳಬಾರದು. "ಅದಕ್ಕೆ ಉದ್ದನೆ ಹೆಸರಿದೆ ಬಿಡಿ. ಹೆಸರು ಕಟ್ಕೊಂಡು ಏನಾಗ್ಬೇಕು? ಕೆಲಸ ಮಾಡುತ್ತಲ್ಲ" ಎಂದು ತಲೆಯನ್ನು ಹಿಡಿದು ಕನ್ನಡಿಯ ಕಡೆ ತಿರುಗಿಸಿಬಿಡುತ್ತಿದ್ದ.

ಈ ಪಾಂಡಿತ್ಯವೆಲ್ಲ ಬಂದದ್ದು ಗಿರಾಕಿಗಳಿಗೆಂದು ತರಿಸುತ್ತಿದ್ದ ಪತ್ರಿಕೆಯ ಆರೋಗ್ಯದ ಪುಟದಿಂದ. ಲೇಖನದ ತಲೆಬರಹ ಓದುತ್ತಿದ್ದ, ಮೊದಲ ಪ್ಯಾರಾ ಓದುತ್ತಿದ್ದ. ಇದೆಲ್ಲ ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದು, ಮನುಷ್ಯರ ವಿಷಯ ಇನ್ನೂ ಗೊತ್ತಿಲ್ಲ ಎಂಬ ಮಾತು ಕೊನೆಯ ಪ್ಯಾರಾದಲ್ಲಿರುತ್ತಿತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಯಾರಾದರೂ ಗಡ್ಡ ಕೆರೆದುಕೊಳ್ಳುತ್ತ ಬಂದು ಕೂತಿರುತ್ತಿದ್ದರು. ಹೀಗಾಗಿ ಇಲಿಗಳಿಗೆ ಹೇಳಿದ್ದನ್ನು ಅವನು ಮನುಷ್ಯರಿಗೆ ಹೇಳುತ್ತ ಬಂದ.

ಎದುರು ಮಾತಾಡುವವರೂ ಇರಲಿಲ್ಲ. ಕೊರಳ ಮೇಲೆ ಕತ್ತಿ ಓಡುತ್ತಿರುವಾಗ ವಾದ ಮಾಡುವಷ್ಟು ಎದೆಗಾರಿಕೆ ಯಾರಿಗಿದೆ? ಹೂಂ ಎನ್ನಲಿಕ್ಕೂ ಭಯಪಟ್ಟು ಜನ ಕಣ್ಣು ಮುಚ್ಚುತ್ತಿದ್ದರು, ಅವನು ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಿದ್ದ. ಅವನ ಮದ್ದಿನಿಂದ ಯಾರಿಗೂ ವಾಸಿಯಾದ ಸುದ್ದಿ ಬರಲಿಲ್ಲ, ಯಾರಿಗೂ ಹಾಳಾದ ಸುದ್ದಿಯೂ ಬರಲಿಲ್ಲ. ಒಳಗೊಳಗೇ ಅವನಿಗೂ ಗೊತ್ತಿತ್ತು. ಗಿಡ ತಾನೇ, ಏನು ಮಹಾ ಆದೀತು? ಬಾಯಿ ಕಹಿಯಾದರೆ ಹೆಚ್ಚು.

ಇಂಥವನ ಕೈಗೆ ಸಿಕ್ಕವನು ಅವನ ಸ್ವಂತ ಭಾವ, ಅಕ್ಕನ ಗಂಡ. ತಾಯಿಯಿಲ್ಲದ ಅಂಶಣ್ಣನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಅಂಗಡಿ ಹಾಕಿಸಿಕೊಟ್ಟವನು ಭಾವ. ಲೇತ್ ಕೆಲಸದವನಾದ ಭಾವ ಸೆಲೂನಿನ ಕುರ್ಚಿ ತಿರುಗುವ ಕಂಬವನ್ನು ತನ್ನ ಕೈಯಾರೆ ಕಡೆದು ಕೊಟ್ಟಿದ್ದ. ಅದು ಇವತ್ತಿಗೂ ಕಿರ್ ಎನ್ನದೆ ತಿರುಗುತ್ತದೆ. ಜೀವಮಾನವಿಡೀ ಲೋಹ ಕಡೆದ ಭಾವನ ಎದೆಯೊಳಗೆ ಕೊನೆಗೆ ಲೋಹವೇ ಹೋಗಿ ಕೂತಿತು. ಹೃದಯದ ಕವಾಟ ಕೆಟ್ಟು, ಡಾಕ್ಟರು ಲೋಹದ್ದೊಂದು ಹಾಕಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು.

"ಟಿಕ್ ಟಿಕ್ ಅಂತ ಸದ್ದು ಬರುತ್ತೆ ಕಣೋ," ಎನ್ನುತ್ತಿದ್ದ ಭಾವ. "ನಿಮ್ಮಕ್ಕನಿಗೂ ಕೇಳುತ್ತೆ."

"ನನಗೇನೂ ಕೇಳಿಸ್ತಿಲ್ಲಪ್ಪ. ಅದಿರಲಿ, ಬೆಳ್ಳುಳ್ಳಿ ವಿಷಯ ಕೇಳಿ ಭಾವ," ಎನ್ನುತ್ತಿದ್ದ ಅಂಶಣ್ಣ.

ಬೆಳ್ಳುಳ್ಳಿಯಲ್ಲಿ ರಕ್ತ ತೆಳುವಾಗಿಸುವ ಅಂಶವಿದೆ ಎಂದು ಅವನು ಓದಿದ್ದ. ಶುಂಠಿ, ಅರಿಶಿನದಲ್ಲೂ ಇದೆಯಂತೆ. ಅರಿಶಿನದ್ದು ಮೈಗೆ ಹತ್ತಬೇಕಾದರೆ ಕಾಳುಮೆಣಸು ಬೇಕಂತೆ. ಮಾತ್ರೆ ಮಾಡುವುದೂ ಅದೇ ಕೆಲಸ, ಬೆಳ್ಳುಳ್ಳಿ ಮಾಡುವುದೂ ಅದೇ ಕೆಲಸ. ಇಬ್ಬರು ಸೇರಿ ಹೊತ್ತರೆ ಭಾರ ಹಗುರ ಎಂಬುದು ಅವನ ತರ್ಕ. ಎಲ್ಲವನ್ನೂ ಕುದಿಸಿ, ಮೇಲೆ ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿ ಕೊಡುವುದನ್ನು ಅಕ್ಕನಿಗೆ ಕಲಿಸಿದ. ಡಾಕ್ಟರಿಗೆ ಹೇಳಬೇಡ, ಇಂಥದ್ದೆಲ್ಲ ಅವರಿಗೆ ಹೊಟ್ಟೆ ಉರಿ ಎಂದೂ ಹೇಳಿದ. ಕೈಯಾರೆ ಸಾಕಿದ ತಮ್ಮ ಕೆಟ್ಟದ್ದು ಹೇಳುತ್ತಾನೆಯೇ? ಅಕ್ಕ ಲೋಟ ಬಿಟ್ಟು ಚೊಂಬಿನಲ್ಲೇ ಕೊಡತೊಡಗಿದಳು.

ಭಾವನ ದವಡೆ ಹಲ್ಲೊಂದು ಹುಳುಕಾಗಿ, ಮಾರನೆಯ ದಿನ ಕೀಳಿಸುವುದೆಂದು ಆಗಿತ್ತು. ಹಲ್ಲಿನ ಡಾಕ್ಟರ ಮುಂದೆ ನೆಟ್ಟಗೆ ಕಾಣಬೇಕೆಂದು ಭಾವ ಗಡ್ಡಕ್ಕೆ ಬಂದು ಕೂತ. ಒಂದು ಕೆನ್ನೆ ಮುಗಿದಿತ್ತು. ಅಂಶಣ್ಣ ನುಗ್ಗೆಸೊಪ್ಪಿನ ವಿಚಾರ ತೆಗೆದು, ರಭಸದಲ್ಲಿ ಗದ್ದದ ಕೆಳಗೆ ಒಂದಿಷ್ಟು ಗೀರಿಬಿಟ್ಟ. ಸೆಲೂನಿನಲ್ಲಿ ಇದು ಮಾಮೂಲು. ರಕ್ತ ನಿಲ್ಲಿಸುವ ಪಟಕದ ತುಂಡು ಒದ್ದೆ ಮಾಡಿ ಒತ್ತಿದ.

ನಿಲ್ಲಲಿಲ್ಲ. ಮತ್ತೆ ಒತ್ತಿದ. ಪಟಕ ಕೆಂಪಾಯಿತು. ಹತ್ತಿ ಇಟ್ಟ, ಹತ್ತಿಯೂ ನೆನೆಯಿತು. ಸೊಪ್ಪಿನ ಮಾತು ಅರ್ಧಕ್ಕೇ ನಿಂತಿತು.

"ಗಾಬರಿಯಾಗ್ಬೇಡ್ವೋ," ಎಂದ ಭಾವ, ಏನೂ ಆಗದವನ ಹಾಗೆ. "ಈಚೆಗೆ ಹಲ್ಲುಜ್ಜಿದ್ರೂ ಹೀಗೇ. ಮಂಡಿ ಹತ್ರ ಸುಮ್ಸುಮ್ನೆ ಕಪ್ಪಗಾಗಿದೆ. ನಿನ್ನ ಕಷಾಯದಿಂದ ಕೆಟ್ಟ ರಕ್ತ ಎಲ್ಲ ಹೊರಗೆ ಹೋಗ್ತಿರ್ಬೇಕು ಅಂದ್ಕೊಂಡೆ."

ಇಷ್ಟು ವರ್ಷ ಅಂಶ ಇದೆ, ಅಂಶ ಇದೆ ಎಂದು ಬಡಕೊಂಡವನಿಗೆ, ನಿಜವಾಗಿಯೂ ಇದೆ ಎಂಬ ನಂಬಿಕೆ ಬಂದದ್ದು ಆ ಹೊತ್ತಿನಲ್ಲಿ. ಗದ್ದದ ಕೆಳಗಿನ ಗೀರೇ ಇಷ್ಟು ಹಟ ಹಿಡಿದಿದೆ, ನಾಳೆ ದವಡೆಯನ್ನೇ ಬಗೆದರೆ?

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಒತ್ತಿ ಹಿಡಿದರೆ ಗೀರು ನಿಲ್ಲುತ್ತದೆ, ಕಷಾಯ ಸಾಕು ಎಂದರೆ ಅಕ್ಕ ಬಿಡುತ್ತಾಳೆ, ಹಲ್ಲಿಗೆ ಏನಾದರೊಂದು ನೆಪ ಹೇಳಿದರಾಯಿತು. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳು. ಆದರೆ ಅವನ ಬೆರಳ ಸಂದಿಯಿಂದ ಅಕ್ಕನ ಗಂಡನ ರಕ್ತ ಇಳಿಯುತ್ತಿತ್ತು. "ಏಳಿ ಭಾವ, ಆಸ್ಪತ್ರೆಗೆ," ಎಂದ. ಸರದಿ ಕಾಯುತ್ತಿದ್ದವರನ್ನು ಎಬ್ಬಿಸಿ ಬಾಗಿಲೆಳೆದ.

ಅಕ್ಕನೂ ಓಡಿ ಬಂದಳು. ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ಜೊತೆ ಬೇರೆ ಏನಾದ್ರೂ ತಗೊಳ್ತಿದಾರಾ?"

ಅಕ್ಕ, ತಮ್ಮ ಹೇಳಿಕೊಟ್ಟ ಪ್ರಕಾರ, ಇಲ್ಲವೆಂದು ತಲೆಯಾಡಿಸಿದಳು. ಅವಳ ಆ ನಿಷ್ಠೆ ನೋಡಿ ಅಂಶಣ್ಣನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವ ಹಾಗಾಯಿತು.

"ತಗೊಳ್ತಿದಾರೆ. ನಾನೇ ಕೊಡಿಸ್ತಿದ್ದೆ," ಎಂದು ಎಲ್ಲ ಒದರಿದ. "ಯಾರಿಗೂ ಹೇಳ್ಬೇಡ ಅಂದಿದ್ದೂ ನಾನೇ."

ಡಾಕ್ಟರಮ್ಮ ಕೂಗಾಡಲಿಲ್ಲ. "ಬೆಳ್ಳುಳ್ಳಿ ಕೆಟ್ಟದ್ದಲ್ಲ ಕಣ್ರೀ, ಅಡುಗೆಗೆ ಹಾಕ್ಕೊಂಡು ತಿನ್ನಿ. ಔಷಧಿ ಥರ ಕೊಡೋದಾದ್ರೆ ಔಷಧಿಗೆ ಹೆದರಿದ ಹಾಗೆ ಹೆದರ್ಬೇಕು. ನಾಳೆ ಹಲ್ಲು ಕಿತ್ತಿದ್ರೆ ರಕ್ತ ನಿಲ್ಲಿಸೋದು ಕಷ್ಟ ಆಗ್ತಿತ್ತು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಸೆರಗಿನ ತುದಿಯಿಂದ ತಮ್ಮನ ಬೆರಳಿಗೆ ಅಂಟಿದ್ದ ರಕ್ತ ಒರೆಸಿ, ಗಂಡನ ಪಕ್ಕಕ್ಕೆ ಹೋಗಿ ಕೂತಳು.

ರಕ್ತ ಹದಕ್ಕೆ ಬರುವ ತನಕ ಮುಖಕ್ಕೆ ಬ್ಲೇಡು ತಾಗಿಸಬಾರದೆಂದು ಅಪ್ಪಣೆಯಾಯಿತು. ಭಾವ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ಕುರುಚಲಾಗಿ ಆಸ್ಪತ್ರೆಯ ಮಂಚದ ಮೇಲೆ ರಾಜನ ಹಾಗೆ ಕೂತಿದ್ದ. ನೋಡಿದವರು ಯಾವ ಸೆಲೂನು ಎಂದು ಕೇಳಿದರೆ ವಿಳಾಸ ಕೊಡುತ್ತಿದ್ದ. "ನಿನ್ನ ಮಾತು ನಿಜ ಅಂತ ತೋರಿಸೋಕೆ ನಾನೇ ಬೇಕಾಗಿತ್ತೇನೋ?" ಎಂದು ಅಂಶಣ್ಣನನ್ನು ಛೇಡಿಸುತ್ತಿದ್ದ.

ರಕ್ತ ಹದಕ್ಕೆ ಬಂದು ಬಿಡುಗಡೆಯಾದ ಮೇಲೆ ಭಾವ ನೇರ ಬಂದು ಕುರ್ಚಿಯಲ್ಲಿ ಕೂತ. "ಉಳಿದಿದ್ದು ಮುಗಿಸು."

ಅಂಶಣ್ಣ ಸೋಪು ಹಚ್ಚಿದ. ಕತ್ತಿಯನ್ನು ಕೆನ್ನೆಗಿಟ್ಟ. ಒಂದು ಮಾತೂ ಇಲ್ಲ. ಬೆಂಚಿನ ಮೇಲಿದ್ದವರೂ ಇದೇನಿದು ಎಂದು ಪತ್ರಿಕೆ ಕೆಳಗಿಟ್ಟರು.

"ಏನಾದ್ರೂ ಮಾತಾಡೋ ಮಾರಾಯ," ಎಂದ ಭಾವ. "ನೀನು ಸುಮ್ನಿದ್ರೆ ಕತ್ತಿ ನೋಡಿ ಭಯ ಆಗುತ್ತೆ."

"ಸ್ವಲ್ಪ ಇರಿ ಭಾವ."

ಗದ್ದದ ಹತ್ತಿರ ಬಗ್ಗಿದ್ದ ಅಂಶಣ್ಣ ಕತ್ತಿಯನ್ನು ದೂರ ಹಿಡಿದು ಹಾಗೇ ನಿಂತ. ಭಾವನ ಅಂಗಿಯೊಳಗಿಂದ ಕೈಗಡಿಯಾರದಷ್ಟು ಸಣ್ಣ ಸದ್ದು ಬರುತ್ತಿತ್ತು, ಟಿಕ್, ಟಿಕ್, ಟಿಕ್.

"ಕೇಳಿಸ್ತಿದೆ," ಎಂದ.