ಬೇರೆ ಬಳಿಯ ರಕ್ತ

ರೋಗಿಗಳಿಗೆ ರಕ್ತ ಕೊಡುವಾಗ ಆಗುವ ತೊಂದರೆಗಳ ಬಗ್ಗೆ ನಾನು ಬರೆದ ಲೇಖನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿ ಬಂದ ದಿನ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಕಾಫಿ, ಮೈಸೂರುಪಾಕು. ನಾನು ಮಾತ್ರ ಒಂದು ಕಡೆ ಕೂರಲಾರದೆ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಆ ಲೇಖನದಲ್ಲಿ ಒಂದು ಸುಳ್ಳಿತ್ತು. "ಈ ರೋಗಿಯ ಹಿಂದಿನ ಹೆರಿಗೆಗಳ ವಿವರ ದೊರೆಯಲಿಲ್ಲ" ಎಂದು ಬರೆದಿದ್ದೆ. ದೊರೆಯದೆ ಏನು? ಆಕೆ ಹೇಳಲು ಬಾಯಿ ತೆರೆದಿದ್ದಳು. ಬಾಯಿ ಮುಚ್ಚಿಸಿದವಳು ನಾನು.

ಅದು ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹೊಸ ಡಾಕ್ಟರು. ಓದು ಮುಗಿಸಿ ಬಂದ ಬಿಸಿ, ಜೊತೆಗೆ ಹುಟ್ಟಿನಿಂದ ಬಂದ ಮೂಗಿನ ತುದಿಯ ಕೋಪ. ಒಂದು ಬೆಳಿಗ್ಗೆ ನಾವುಂದದ ಕಡೆಯಿಂದ ಒಬ್ಬ ಹೆಂಗಸನ್ನು ಕರೆತಂದರು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆರಿಗೆಯಾದ ಮೇಲೆ ರಕ್ತ ನಿಂತಿರಲಿಲ್ಲ. ಕಡವಿನಲ್ಲಿ ದೋಣಿಗೆ ಕಾದು ಬರುವಷ್ಟರಲ್ಲಿ ಅವಳ ತುಟಿ ಬಿಳಿಚಿಕೊಂಡಿತ್ತು. ಜೊತೆಗೆ ಬಂದವರು ಇಬ್ಬರು, ಅವಳ ಸೋದರಮಾವ ಮತ್ತು ಗಂಡ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದವನು, ಹೆರಿಗೆಗೆಂದು ರಜೆ ಹಾಕಿ ಬಂದಿದ್ದ.

ರಕ್ತ ಕೊಡಬೇಕು ಎಂದೆ. ಆಗ ಬ್ಲಡ್ ಬ್ಯಾಂಕ್ ಎಲ್ಲಿಯದು? ಜೊತೆಗೆ ಬಂದವರ ಕೈಯಿಂದಲೇ ಬಾಟಲಿಗೆ ಇಳಿಸಿಕೊಂಡು, ಅದೇ ಬಾಟಲಿಯನ್ನು ತೂಗುಹಾಕುವುದು. ಮಂಗಳೂರಿನಿಂದ ತರಿಸಿಟ್ಟಿದ್ದ, ರಕ್ತದ ಗುಂಪು ತಿಳಿಸುವ ಸೀರಮ್ ಹಾಕಿ ಸ್ಲೈಡಿನ ಮೇಲೆ ನೋಡಿದೆ. ಅವಳದು ಓ ಗುಂಪು, ಮಾವನದು ಓ, ಗಂಡನದೂ ಓ. ಅಷ್ಟರಲ್ಲಿ ಮಾವ ಅಂಗಿಯ ತೋಳು ಮಡಚಿ ಮುಂದೆ ಬಂದರು.

"ಡಾಕ್ಟ್ರಮ್ಮ, ಅವ್ನದ್ ಬ್ಯಾಡ. ಅವ ಬೇರೆ ಬಳಿ. ನಂದ್ ತಕಣಿ."

ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಕುಲ ತಾಯಿಯ ಕಡೆಯಿಂದ ಇಳಿಯುತ್ತದೆ. ಅದೇ ಬಳಿ. ತಾಯಿ, ಮಕ್ಕಳು, ಸೋದರಮಾವ ಒಂದು ಬಳಿ. ಗಂಡ ಯಾವತ್ತೂ ಬೇರೆ ಬಳಿಯವನು, ಹೆಂಡತಿಯ ಮನೆಯಲ್ಲಿ ನೆಂಟ. ನಾನೂ ಅಂಥ ಮನೆಯಲ್ಲೇ ಹುಟ್ಟಿದವಳು. ಏಳು ವರ್ಷದವಳಿದ್ದಾಗ ನನಗೆ ವಿಪರೀತ ಜ್ವರ ಬಂದಿತ್ತು. ಅಪ್ಪಯ್ಯ ನನ್ನನ್ನು ಡಾಕ್ಟರ ಹತ್ತಿರ ಒಯ್ಯಲು ನನ್ನ ಸೋದರಮಾವನ ಒಪ್ಪಿಗೆ ಕೇಳಿ ಅಂಗಳದಲ್ಲಿ ನಿಂತೇ ಇದ್ದರು. ಮಾವ ಉಂಡು ಕೈ ತೊಳೆದು ಬರುವ ತನಕ ಹಾಗೇ ನಿಂತಿದ್ದರು. ಅಪ್ಪಯ್ಯನ ಆ ಮುಖ ನನಗೆ ಮರೆತೇ ಇಲ್ಲ. ಈಗ ಇಲ್ಲಿಯೂ ಒಬ್ಬ ಗಂಡ ಗೋಡೆಗೆ ಒರಗಿ ಹಾಗೇ ನಿಂತಿದ್ದ. ನನಗೆ ಮೈ ಉರಿದುಹೋಯಿತು.

"ರಕ್ತಕ್ಕೆ ಬಳಿ ಗಿಳಿ ಎಂತದೂ ಇಲ್ಲೆ ಮಾರ್ರೆ" ಎಂದು ಶುರುಮಾಡಿದವಳು ಒಂದು ಭಾಷಣವನ್ನೇ ಬಿಗಿದೆ. ನಡುವೆ ಮಂಚದಿಂದ ಅವಳ ಸ್ವರ ಕೇಳಿತು. "ಡಾಕ್ಟ್ರಮ್ಮ, ನನ್ ಹಿಂದಿನ್ ಮಕ್ಳ್..."

"ಅದೆಲ್ಲ ಆಮೇಲ್. ಸುಮ್ನೆ ಮನಿಕೋ" ಎಂದೆ. ಬೇಕೆಂದೇ ಗಂಡನನ್ನು ಕರೆದೆ. ಅವನು ಓಡಿಯೇ ಬಂದು ತೋಳು ಚಾಚಿದ. ಗಂಡ ಹೆಂಡಿರ ರಕ್ತವನ್ನು ಸ್ಲೈಡಿನ ಮೇಲೆ ಬೆರೆಸಿ ನೋಡಿದ್ದೆ, ಗಂಟು ಕಟ್ಟಿರಲಿಲ್ಲ. ನನ್ನ ಆತ್ಮಸಾಕ್ಷಿಗೆ ಅಷ್ಟು ಸಾಕಾಗಿತ್ತು.

ಬಾಟಲಿ ಕಾಲು ಭಾಗ ಇಳಿದಿರಬಹುದು. "ಸೊಂಟ ಕಡೀತಿತ್ತ್ ಡಾಕ್ಟ್ರಮ್ಮ" ಎಂದಳು. ಮರುಗಳಿಗೆಯಲ್ಲೇ ಮಂಚ ಅಲುಗುವಷ್ಟು ನಡುಕ. ನಾನು ನಳಿಕೆ ಕಿತ್ತೆ. ಮಧ್ಯಾಹ್ನದ ಹೊತ್ತಿಗೆ ಅವಳ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಕೊಟ್ಟ ರಕ್ತ ಅವಳ ಮೈಯೊಳಗೇ ಒಡೆದುಹೋಗುತ್ತಿತ್ತು. ಯಾಕೆಂದು ಆಗ ನನಗೆ ಗೊತ್ತಾಗಲಿಲ್ಲ. ಅವಳಿಗೆ ಇನ್ನೂ ರಕ್ತ ಬೇಕು. ಮಾವ ಬಂದು ಸ್ಟೂಲಿನ ಮೇಲೆ ಕೂತು ತೋಳು ನೀಡಿದರು. ನಾನು ಮತ್ತೆ ಸ್ಲೈಡ್ ನೋಡಿ, ದೇವರ ಮೇಲೆ ಭಾರ ಹಾಕಿ, ಒಂದೊಂದೇ ಹನಿ ಬಿಟ್ಟೆ. ಅದು ಹಿಡಿಯಿತು. ಅವಳು ಬದುಕಿದಳು.

"ನಾ ಹೇಳ್ಲಿಲ್ಯಾ?" ಎಂದು ಮಾವ ಒಂದೇ ಸಲ ಕೇಳಿದರು.

ಗಂಡ ನನ್ನನ್ನು ಔಷಧಿ ಕೋಣೆಯ ಬಾಗಿಲಲ್ಲಿ ತಡೆದ. "ನನ್ ರಕ್ತದಗೆ ಎಂತಾರೂ ಇತ್ತಾ, ಡಾಕ್ಟ್ರಮ್ಮ?"

"ಕಾಂಬ", ಅಂದರೆ ನೋಡೋಣ, ಎಂದಷ್ಟೇ ಹೇಳಿ ದಾಟಿ ಹೋದೆ. ಅವನ ಮುಖ ನೋಡಲಿಲ್ಲ.

ಮುಂದೆ ಐದಾರು ವರ್ಷಕ್ಕೆ ನಾನು ದೊಡ್ಡ ಕಾಲೇಜೊಂದಕ್ಕೆ ಸೇರಿ ಇಂಥ ಪ್ರಕರಣಗಳನ್ನೇ ಹಿಡಿದು ಕೂತದ್ದು, ನಿಜ ಹೇಳಬೇಕೆಂದರೆ, ಆ ಕಪ್ಪು ಮೂತ್ರದಿಂದಾಗಿ. ಅಲ್ಲಿ ಆರ್‌ಎಚ್ ನೋಡುವ ಸೀರಮ್ ಸಿಗುತ್ತಿತ್ತು. ರಕ್ತದ ಕಣಗಳ ಮೇಲೆ ಇರುವ ಇನ್ನೊಂದು ಗುರುತು ಅದು. ಅದು ಅಪ್ಪನಲ್ಲಿದ್ದು ತಾಯಿಯಲ್ಲಿ ಇಲ್ಲದಿದ್ದರೆ, ಅಪ್ಪನ ಗುರುತು ಹೊತ್ತ ಮೊದಲ ಮಗು ಸಾಮಾನ್ಯವಾಗಿ ಬದುಕುತ್ತದೆ, ಆದರೆ ತಾಯಿಯ ಮೈ ಆ ಗುರುತನ್ನು ಹಗೆಯೆಂದು ಕಲಿತುಕೊಳ್ಳಬಹುದು. ಆಮೇಲಿನ ಮಕ್ಕಳು ಅರಿಶಿನ ಬಣ್ಣಕ್ಕೆ ತಿರುಗಿ ಸತ್ತುಹೋಗಬಹುದು. ಅಂಥ ತಾಯಿಗೆ ಗಂಡನ ರಕ್ತವನ್ನೇ ಬಾಟಲಿಗಟ್ಟಲೆ ಹಾಕಿದರೆ ಕೇಳಬೇಕೇ? ನನ್ನ ಸ್ಲೈಡಿನ ಪರೀಕ್ಷೆಗೆ ಈ ಹಗೆ ಕಾಣುವುದಿಲ್ಲ. ಆದರೆ ತಾಯಿಯನ್ನು ಕೇಳಿದರೆ ಗೊತ್ತಾಗುತ್ತದೆ. ಅದು ಪಠ್ಯಪುಸ್ತಕದಲ್ಲೇ ಇತ್ತು, ನಾನು ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಸಿರಿಂಜು, ಶೀಸೆ ಹಿಡಿದು ನಾವುಂದಕ್ಕೆ ಹೋಗಿ ಅವಳದೂ ಮಾವನದೂ ರಕ್ತ ತೆಗೆದುಕೊಂಡೆ. ಅವಳು ಆಗ ಹೇಳಿದಳು. ಮೊದಲನೆಯ ಹೆಣ್ಣುಮಗು ಗಟ್ಟಿಮುಟ್ಟು. ಆಮೇಲಿನ ಎರಡು ಹುಟ್ಟಿದ ಎರಡನೇ ದಿನಕ್ಕೆ ಹಳದಿಯಾಗಿ ತೀರಿಹೋದವು. ಮಾವ ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅವ್ನ ರಕ್ತ ನಮ್ ಹೆಣ್ಣಿಗ್ ಆತಿಲ್ಲ ಅಂದ್ ನೀವೇ ತೋರ್ಸ್‌ಕೊಟ್ರಿ. ಇನ್ ಬಪ್ಪುದ್ ಬ್ಯಾಡ ಅಂದೆ" ಎಂದರು. ಗಂಡ ಮನೆಗೆ ಬರುವುದು ನಿಂತಿತ್ತು. ಮಗಳನ್ನೂ ನೋಡಲು ಬಿಟ್ಟಿರಲಿಲ್ಲ. ಅವನು ರಜೆಯಲ್ಲಿ ಬ್ರಹ್ಮಾವರದ ತನ್ನ ತಾಯಿಯ ಮನೆಯಲ್ಲಿದ್ದ. ಅಲ್ಲಿಗೂ ಹೋಗಿ ರಕ್ತ ತೆಗೆದೆ. ಅವನು ಈ ಸಲ ಏನೂ ಕೇಳಲಿಲ್ಲ. ಹತ್ತಿ ಒತ್ತಿ ಹಿಡಿದು ನೆಲ ನೋಡುತ್ತಿದ್ದ.

ಕಾಲೇಜಿಗೆ ಮರಳಿ ಪರೀಕ್ಷಿಸಿದೆ. ಅವಳಲ್ಲಿ ಆ ಗುರುತಿಲ್ಲ, ಗಂಡನಲ್ಲಿ ಇದೆ, ಮಾವನಲ್ಲಿ ಇಲ್ಲ. ಒಂದೇ ಮನೆತನದವರಲ್ಲಿ ಹಾಗಾಗುವ ಸಾಧ್ಯತೆ ತುಸು ಹೆಚ್ಚು, ಅಷ್ಟೇ. ನನಗೆ ಸಿಕ್ಕಿದ್ದು ಶುದ್ಧ ಅದೃಷ್ಟ. ಇಷ್ಟು ತಿಳಿದ ಮೇಲೂ ನಾನು "ವಿವರ ದೊರೆಯಲಿಲ್ಲ" ಎಂದು ಬರೆದೆ. ಕೇಳಲಿಲ್ಲ ಎಂದು ಬರೆಯಲು ನಾಚಿಕೆ. ಗಂಡನಿಗೂ ಒಂದು ಸಾಲು ಬರೆಯಲಿಲ್ಲ.

ಆಮೇಲಿನ ಎರಡು ವರ್ಷ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುವುದು, ಲ್ಯಾಬಿನಲ್ಲಿ ತೊಳೆದ ಗಾಜನ್ನೇ ಮತ್ತೆ ತೊಳೆಯುವುದು. ಯಾರಾದರೂ ಲೇಖನವನ್ನು ಹೊಗಳಿದರೆ ಅವರ ಮೇಲೇ ಸಿಡುಕುತ್ತಿದ್ದೆ. ಕೊನೆಗೆ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕಿದರು. ಯಾರೂ ಗಮನಿಸಲಿಲ್ಲ, ನನಗೆ ಸಮಾಧಾನವೂ ಆಗಲಿಲ್ಲ. ಮರುವಾರ ನಾವುಂದದ ಬಸ್ಸು ಹತ್ತಿದೆ. ಅಷ್ಟರಲ್ಲಿ ಎಪ್ಪತ್ತರ ದಶಕ ಕಾಲಿಟ್ಟಿತ್ತು.

ಚಾವಡಿಯಲ್ಲಿ ಮಾವ, ಅವಳು ಇಬ್ಬರೂ ಇದ್ದರು. ಒಂದೇ ಉಸಿರಿಗೆ ಹೇಳಿಬಿಟ್ಟೆ. ಗಂಡನ ರಕ್ತದಲ್ಲಿ ದೋಷವಿರಲಿಲ್ಲ, ನಮ್ಮಲ್ಲಿ ಬಹಳಷ್ಟು ಜನರದೂ ಅಂಥದೇ ರಕ್ತ. ಮಾವನ ಮೇಲಿನ ಸಿಟ್ಟಿಗೆ ನಾನು ಕೇಳಬೇಕಾದ್ದನ್ನು ಕೇಳಲಿಲ್ಲ, ತಪ್ಪು ನನ್ನದು.

"ಹಂಗಾರೆ ನನ್ ರಕ್ತ ಹ್ಯಾಂಗ್ ಹಿಡೀತ್?" ಎಂದರು ಮಾವ.

"ನನ್ನ ಪುಣ್ಯಕ್ಕೆ" ಎಂದೆ. ಅವರು ತಮ್ಮ ತೋಳನ್ನೊಮ್ಮೆ ನೋಡಿಕೊಂಡು, ಎದ್ದು ಒಳಗೆ ಹೋದರು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಬೊಂಬಾಯಲ್ಲಿ ಅವ್ರ್ ಒಟ್ಟಿಗ್ ಕೆಲ್ಸ ಮಾಡುವವ್ರೊಬ್ರಿಗ್ ರಕ್ತ ಬೇಕಾಯ್ತಂಬ್ರ್. ಎಲ್ರೂ ಕೊಟ್ರ್, ಇವ್ರ್ ಕೊಡ್ಲಿಲ್ಲ. ನಂದ್ ವಿಷ ಅಂದ್ರಂಬ್ರ್. ಅವ್ರ ತಂಗಿ ಹೇಳ್ದ್" ಎಂದಳು. ಮತ್ತೆ, "ನಂಗ್ ಹೇಳಿ ಎಂತ ಆಪುದಿತ್ತ್ ಡಾಕ್ಟ್ರಮ್ಮ? ಅವ್ರಿಗ್ ಕಾಗ್ದ ಬರ್ದ್ ಹಾಕಿ" ಎಂದಳು.

ಪುಟಗಟ್ಟಲೆ ಲೇಖನ ಬರೆದವಳಿಗೆ ಆ ಒಂದು ಇನ್‌ಲ್ಯಾಂಡ್ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಉತ್ತರ ಬರುವ ತನಕ ಅಂಚೆಯವನು ಕಾಣಿಸಿದರೆ ಸಾಕು, ಇದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ತಿಂಗಳಾದ ಮೇಲೆ ಒಂದು ಕಾರ್ಡು ಬಂತು.

"ಡಾಕ್ಟರಮ್ಮನವರಿಗೆ ನಮಸ್ಕಾರ. ನಿಮ್ಮ ಕಾಗದ ತಲುಪಿತು. ಓದಿದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಇಲ್ಲಿಯ ಆಸ್ಪತ್ರೆಗೆ ಹೋಗಿ ಒಂದು ಬಾಟಲಿ ರಕ್ತ ಕೊಟ್ಟೆ. ಯಾರಿಗೆ ಹಾಕಿದರೆಂದು ಕಾಡಿ ಬೇಡಿ ತಿಳಿದುಕೊಂಡು, ಆ ವಾರ್ಡಿನ ಹೊರಗೆ ಎರಡು ದಿನ ಕೂತಿದ್ದೆ. ಮೂರನೇ ದಿನ ಬೆಳಿಗ್ಗೆ ಅವರು ಎದ್ದು ಚಹಾ ಕುಡಿದರು."